ಕಪಾಟಿನಲ್ಲಿ ಭದ್ರವಾಗಿಟ್ಟ ಪುಸ್ತಕಗಳಿಗೇ ಹುಳ ಬಿತ್ತು, ಯಾಕೆ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ಮನೆ. ಅಪ್ಪನ ಕಾಲದ್ದು, ನನ್ನದು ಎಲ್ಲ ಸೇರಿ ಒಂಬೈನೂರರ ಹತ್ತಿರ ಪುಸ್ತಕಗಳಿವೆ. ಐವತ್ತು, ಅರವತ್ತರ ದಶಕದ ಕಾದಂಬರಿಗಳೇ ಜಾಸ್ತಿ. ಅವುಗಳಲ್ಲಿ ಏಳೆಂಟನ್ನು ಪ್ರತಿ ಮಳೆಗಾಲದಲ್ಲೂ ಮತ್ತೆ ಓದುತ್ತೇನೆ. ಓದಿ ಓದಿ ಅವುಗಳ ಬೆನ್ನು ಕಿತ್ತು ಹೋಗಿದೆ, ಸೆಲ್ಲೋಟೇಪ್ ಹಾಕಿದ್ದೇನೆ. ಉಳಿದವನ್ನು ಗಾಜಿನ ಬಾಗಿಲಿನ ಕಪಾಟಿನಲ್ಲಿ ನುಸಿಗುಳಿಗೆ ಹಾಕಿ ಭದ್ರವಾಗಿ ಮುಚ್ಚಿಟ್ಟಿದ್ದೆ. ಈ ದೀಪಾವಳಿಗೆ ತೆರೆದರೆ ಬೂಷ್ಟಿನ ವಾಸನೆ, ರಟ್ಟಿನ ಮೇಲೆ ಬಿಳಿ ಪುಡಿ. ಕೆಲವು ಪುಸ್ತಕಗಳ ರಟ್ಟು ಯಾರೋ ಕೆರೆದ ಹಾಗಿದೆ. ಒಂದೆರಡರಲ್ಲಿ ಮೊದಲ ಪುಟದಿಂದ ಕೊನೆಯವರೆಗೂ ದುಂಡನೆಯ ತೂತು. ಬಿಸಿಲಿಗೆ ಹಾಕಿ ಅಂತ ಒಬ್ಬರು, ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ ಅಂತ ಇನ್ನೊಬ್ಬರು, ಬೇವಿನ ಸೊಪ್ಪು ಹಾಕಿ ಅಂತ ಮತ್ತೊಬ್ಬರು ಹೇಳುತ್ತಾರೆ. ಎಲ್ಲ ಸ್ಕ್ಯಾನ್ ಮಾಡಿಸಿ ರದ್ದಿಗೆ ಹಾಕಿ ಅನ್ನುತ್ತಾನೆ ಮಗ. ಅಜ್ಜನ ಕಾಲದಲ್ಲಿ ಅಟ್ಟದ ಮೇಲಿದ್ದ ಪುಸ್ತಕಗಳಿಗೆ ಏನೂ ಆಗಿರಲಿಲ್ಲ. ಈಗ ಯಾಕೆ ಹೀಗೆ? ಮನೆಯಲ್ಲಿ ಆರು ತಿಂಗಳ ಮೊಮ್ಮಗು ಇದೆ, ಅದಕ್ಕೆ ಏನಾದರೂ ತೊಂದರೆಯೇ?

ಉತ್ತರ: ಮೇಷ್ಟ್ರೇ, ಮೊದಲು ಮಗುವಿನ ವಿಷಯ. ನುಸಿಗುಳಿಗೆಗಳನ್ನೆಲ್ಲ ಇವತ್ತೇ ಆಯ್ದು ಡಬ್ಬಿಗೆ ತುಂಬಿ ಮನೆಯಿಂದ ಆಚೆ ಹಾಕಿಸಿ. ಎಳೆ ಮಗು ಇರುವ ಮನೆಯಲ್ಲಿ ಅದು ಇರಲೇಬಾರದು. ನುಸಿಗುಳಿಗೆ ಅಂದರೆ ನ್ಯಾಫ್ತಲೀನ್. ದಿನಾ ಸ್ವಲ್ಪ ಸ್ವಲ್ಪವೇ ಆವಿಯಾಗಿ ನಾವು ಉಸಿರಾಡುವ ಗಾಳಿಗೆ ಸೇರುತ್ತದೆ. ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಿಗೆ ಈ ಆವಿಯಿಂದ ಕೆಂಪು ರಕ್ತಕಣ ಒಡೆದು ಕಾಮಾಲೆ ಬರಬಹುದು. ಆ ಕೊರತೆ ಯಾವ ಮಗುವಿಗಿದೆ ಅಂತ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ದೊಡ್ಡವರಿಗೂ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನ್ಯಾಫ್ತಲೀನನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿದೆ.

ಗುಳಿಗೆ ತೆಗೆದರೆ ಹುಳ ಇನ್ನೂ ಜಾಸ್ತಿ ಆಗುತ್ತದೆ ಅನ್ನುವ ಭಯ ಬೇಡ. ಅದು ನಿಮ್ಮ ಪುಸ್ತಕಗಳನ್ನು ಕಾಯುತ್ತಲೇ ಇರಲಿಲ್ಲ. ನ್ಯಾಫ್ತಲೀನ್ ಆವಿಗೆ ಹುಳ ಸಾಯಬೇಕಾದರೆ ಗಾಳಿಯಾಡದ ಪೆಟ್ಟಿಗೆಯಲ್ಲಿ ಆವಿ ದಟ್ಟವಾಗಿ ನಿಲ್ಲಬೇಕು. ಸಂದು ಇರುವ ಮರದ ಕಪಾಟಿನಲ್ಲಿ ಅದು ನಿಲ್ಲುವುದಿಲ್ಲ, ಸೋರಿ ಮನೆ ತುಂಬುತ್ತದೆ. ಬೂಷ್ಟನ್ನಂತೂ ತಡೆಯುವುದೇ ಇಲ್ಲ.

ಪತ್ರ ಓದುವಾಗ ಒಂದು ವಿಷಯ ನನ್ನ ಗಮನಕ್ಕೆ ಬಂತು. ನೀವು ಪ್ರತಿ ವರ್ಷ ಓದುವ ಆ ಏಳೆಂಟು ಪುಸ್ತಕಗಳ ಬೆನ್ನು ಕಿತ್ತಿದೆ ಅಷ್ಟೇ, ಅವಕ್ಕೆ ಹುಳ ಬಿದ್ದಿದೆ ಅಂತ ನೀವು ಬರೆದಿಲ್ಲ. ಹುಳ, ಬೂಷ್ಟು ಎರಡೂ ಬಂದಿರುವುದು ಭದ್ರವಾಗಿ ಮುಚ್ಚಿಟ್ಟವಕ್ಕೆ. ಹಳೆಯ ಪುಸ್ತಕಗಳ ರಿಪೇರಿ, ಆರೈಕೆಯಲ್ಲೇ ನನ್ನ ಕೆಲಸದ ಬದುಕು ಕಳೆದಿದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದನ್ನೇ. ಓದುವವರ ಕೈಯಲ್ಲಿರುವ ಪುಸ್ತಕ ಸವೆಯುತ್ತದೆ, ಬೀಗದ ಹಿಂದಿನ ಪುಸ್ತಕ ಕೊಳೆಯುತ್ತದೆ. ಸವೆದದ್ದನ್ನು ಹೊಲಿದು ಸರಿ ಮಾಡಬಹುದು. ಕೊಳೆತದ್ದಕ್ಕೆ ಅಂಥ ದಾರಿ ಇಲ್ಲ.

ಇಲ್ಲಿ ನಿಜವಾದ ಶತ್ರು ತೇವ. ಹುಳ ಅದರ ಹಿಂದೆ ಬರುತ್ತದೆ. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ಗಾಳಿಯ ತೇವಾಂಶ ಶೇಕಡಾ 90ರ ಆಸುಪಾಸಿನಲ್ಲೇ ನಿಂತಿರುತ್ತದೆ. ಪುಸ್ತಕದ ಸುತ್ತ ಅದು 65, 70 ದಾಟಿ ಕೆಲವು ದಿನ ನಿಂತರೆ ಸಾಕು, ಬೂಷ್ಟು ಮೊಳೆಯುತ್ತದೆ. ಕಾಗದ ಗಾಳಿಯಿಂದ ನೀರು ಹೀರಿಕೊಳ್ಳುವ ವಸ್ತು. ಜೂನ್‌ನಲ್ಲಿ ಹೀರಿದ್ದನ್ನು ಬಿಟ್ಟುಕೊಡಲು ಅದಕ್ಕೆ ಒಣ ಗಾಳಿ ಬೇಕು. ಗಾಜಿನ ಬಾಗಿಲು ಮುಚ್ಚಿದ ಕಪಾಟಿನಲ್ಲಿ ಆ ಗಾಳಿ ಎಲ್ಲಿಂದ ಬರಬೇಕು? ಅದರ ಮೇಲೆ, ನಮ್ಮಲ್ಲಿ ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸುವುದೇ ರೂಢಿ. ಹೊರಗೋಡೆ ಮಳೆ ಕುಡಿದು ತಣ್ಣಗಿರುತ್ತದೆ. ಹಾಗಾಗಿ ಕಪಾಟಿನ ಹಿಂಬದಿಯಲ್ಲಿ ತೇವ ಎಲ್ಲಕ್ಕಿಂತ ಜಾಸ್ತಿ. ನಿಮ್ಮಲ್ಲೂ ಕೆಳಗಿನ ಸಾಲು ಮತ್ತು ಹಿಂಬದಿಯ ಪುಸ್ತಕಗಳೇ ಹೆಚ್ಚು ಕೆಟ್ಟಿರಬೇಕು, ನೋಡಿ.

ಅಜ್ಜನ ಕಾಲದ ಅಟ್ಟದ ಮಾತು ಸುಳ್ಳಲ್ಲ. ಅಟ್ಟದ ಕೆಳಗೆ ಅಡುಗೆಮನೆ, ಅಲ್ಲಿ ಬೆಳಗಿನಿಂದ ರಾತ್ರಿಯವರೆಗೂ ಉರಿಯುವ ಸೌದೆ ಒಲೆ. ಪಕ್ಕದಲ್ಲಿ ಬಚ್ಚಲ ಒಲೆ. ಮಳೆಗಾಲದ ನಾಲ್ಕು ತಿಂಗಳೂ ಆ ಬಿಸಿ ಮೇಲಕ್ಕೆ ಹೋಗಿ ಅಟ್ಟವನ್ನು ಒಣಗಿಸುತ್ತಿತ್ತು. ಹೊಗೆಗೆ ಹುಳವೂ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂತು, ಒಲೆ ಹೋಯಿತು, ಹೆಂಚಿನ ಮನೆಗೆ ಸೀಲಿಂಗ್ ಹಾಕಿಸಿದೆವು, ಪುಸ್ತಕಗಳು ಅಟ್ಟದಿಂದ ಇಳಿದು ಜಗಲಿಯ ಕಪಾಟು ಸೇರಿದವು. ಅಜ್ಜನ ಪುಸ್ತಕಗಳನ್ನು ಉಳಿಸಿದ್ದು ಅಡುಗೆಮನೆಯ ಬೆಂಕಿ. ಹೊಗೆಯ ಮಸಿ ಹಿಡಿದು ಅವು ಕಪ್ಪಾಗಿರುತ್ತವೆ, ಅದು ಬೇರೆ ಮಾತು. ಈಗ ಆ ಬಿಸಿ ಇಲ್ಲ ಅಂದಮೇಲೆ ಒಣಗಿಸುವ ಕೆಲಸವನ್ನು ನಾವೇ ಮಾಡಬೇಕು.

ಇನ್ನು ನಿಮ್ಮ ಮನೆಗೆ ಬಂದಿರುವ ಹುಳಗಳು. ಎರಡು ಜಾತಿಯವು ಇವೆ, ಎರಡಕ್ಕೂ ಬೇರೆ ಬೇರೆ ಉಪಾಯ ಬೇಕು. ರಟ್ಟು ಕೆರೆದ ಹಾಗೆ ಆಗಿರುವುದು ಸಿಲ್ವರ್‌ಫಿಶ್ ಕೆಲಸ. ಬೆಳ್ಳಗೆ ಹೊಳೆಯುವ, ಬೆಳಕು ಬಿದ್ದ ಕೂಡಲೇ ಸರ್ರನೆ ಸಂದಿಗೆ ಜಾರುವ ಹುಳ. ಅದಕ್ಕೆ ಬೇಕಾದ್ದು ಗಂಜಿ. ಹಳೆಯ ಬೈಂಡಿಂಗ್‌ನ ಮೈದಾ ಅಂಟು, ರಟ್ಟಿನ ಬಟ್ಟೆಗೆ ಹಾಕಿದ ಗಂಜಿ, ಹೆಸರು ಬರೆದು ಅಂಟಿಸಿದ ಚೀಟಿ ಎಲ್ಲ ಅದಕ್ಕೆ ಇಷ್ಟ. ಅದು ಕೊರೆಯುವುದಿಲ್ಲ, ಮೇಲ್ಪದರವನ್ನು ಕೆರೆದು ತಿನ್ನುತ್ತದೆ. ತೇವ ಇಲ್ಲದೆ ಬದುಕುವುದು ಅದಕ್ಕೆ ಕಷ್ಟ. ಜಾಗ ಒಣಗಿದರೆ, ದೂಳು ಹೋದರೆ, ತಾನಾಗಿಯೇ ಕಡಿಮೆಯಾಗುತ್ತದೆ. ಪುಟ ತೆರೆದಾಗ ಎಳ್ಳಿಗಿಂತ ಚಿಕ್ಕ, ಮಾಸಲು ಬಣ್ಣದ ಹುಳಗಳೂ ಓಡಾಡುತ್ತಿದ್ದರೆ ಗಾಬರಿ ಬೇಡ. ಅವು ತಿನ್ನುವುದು ಮುಖ್ಯವಾಗಿ ಬೂಷ್ಟನ್ನು. ತೇವ ಇದೆ ಅನ್ನುವುದಕ್ಕೆ ಅವೇ ಸಾಕ್ಷಿ.

ದುಂಡನೆಯ ತೂತು ಇರುವ ಆ ಒಂದೆರಡು ಪುಸ್ತಕಗಳ ಬಗ್ಗೆ ಮಾತ್ರ ತಡ ಮಾಡಬೇಡಿ. ಅದು ಒಂದು ಪುಟ್ಟ ದುಂಬಿಯ ಮರಿ ಮಾಡುವ ಕೆಲಸ. ಭಾರತದ ಗ್ರಂಥಾಲಯಗಳಲ್ಲಿ ಹೆಚ್ಚು ಹಾನಿ ಮಾಡುವ ಜಾತಿಗೆ ಗ್ಯಾಸ್ಟ್ರಾಲಸ್ ಇಂಡಿಕಸ್ ಅಂತ ಹೆಸರು. ತಾಯಿ ದುಂಬಿ ಪುಸ್ತಕದ ಬೆನ್ನು, ಅಂಚುಗಳಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೇ ಕೊರೆಯುತ್ತಾ ಬೆಳೆದು, ರೆಕ್ಕೆ ಬಂದ ಮೇಲೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಅಂದರೆ ನಿಮಗೆ ಹೊರಗಿನಿಂದ ತೂತು ಕಾಣುವ ಹೊತ್ತಿಗೆ ಒಳಗೆ ಬಹಳ ದಿನದ ಕೆಲಸ ನಡೆದಿರುತ್ತದೆ. ಪುಸ್ತಕವನ್ನು ಬಿಳಿ ಕಾಗದದ ಮೇಲೆ ನಿಲ್ಲಿಸಿ ಮೆಲ್ಲಗೆ ತಟ್ಟಿ. ನುಣ್ಣನೆಯ ಹೊಸ ಪುಡಿ ಉದುರಿದರೆ ಹುಳ ಇನ್ನೂ ಜೀವಂತ ಇದೆ ಅಂತ ತಿಳಿಯಿರಿ. ಅಂಥ ಪುಸ್ತಕವನ್ನು ಆಗಲೇ ಬೇರೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಈ ಹುಳಕ್ಕೆ ಮನೆಯಲ್ಲೇ ಮಾಡಬಹುದಾದ, ವಿಷವಿಲ್ಲದ ಉಪಾಯ ಅಂದರೆ ಚಳಿ. ಒಣಗಿದ ಪುಸ್ತಕವನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿಯಾಗಿ ಮುಚ್ಚಿ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಶೂನ್ಯದ ಕೆಳಗೆ 18 ಡಿಗ್ರಿ ಇರಬೇಕು. ಒಂದೇ ಬಾಗಿಲಿನ ಫ್ರಿಜ್‌ನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುವುದಿಲ್ಲ, ಅದು ಸಾಲದು. ಹೊರಗೆ ತೆಗೆದ ಮೇಲೆ ಚೀಲವನ್ನು ಇಡೀ ಒಂದು ದಿನ ಬಿಚ್ಚಬೇಡಿ. ಆತುರಪಟ್ಟು ಬಿಚ್ಚಿದರೆ ತಣ್ಣಗಿರುವ ಕಾಗದದ ಮೇಲೆ ಹನಿ ಕಟ್ಟಿ ಇದ್ದದ್ದೂ ಹಾಳಾಗುತ್ತದೆ. ಚರ್ಮದ ಬೈಂಡಿಂಗ್, ಫೋಟೋ ಆಲ್ಬಮ್, ತಾಳೆಗರಿ ಇವನ್ನು ಹೀಗೆ ಇಡಬಾರದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಭತ್ತದ ಕಣಜಕ್ಕೆ ಇಡುವ ಗುಳಿಗೆಯನ್ನು ಪುಸ್ತಕದ ಕಪಾಟಿಗೂ ಇಡಿ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನ್ನುವ ವಿಷಾನಿಲ ಬಿಡುತ್ತದೆ. ಮಲಗುವ ಮನೆಯಲ್ಲಿ ಇಟ್ಟು ಜೀವ ಹೋದ ಉದಾಹರಣೆಗಳಿವೆ. ಸ್ಪ್ರೇ ಡಬ್ಬಿಯ ಔಷಧವನ್ನು ಪುಸ್ತಕದ ಮೇಲೆ ಹೊಡೆಯುವುದೂ ಬೇಡ, ಕಲೆ ಉಳಿಯುತ್ತದೆ. ಒರಲೆ, ಅಂದರೆ ಗೆದ್ದಲಿನ ವಿಷಯ ಬೇರೆ. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಪುಸ್ತಕಗಳನ್ನು ಬೇರೆ ಕೋಣೆಗೆ ಸಾಗಿಸಿ, ಮನೆಗೇ ಚಿಕಿತ್ಸೆ ಮಾಡಿಸಬೇಕು.

ಈಗ ಬೂಷ್ಟು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಕಾಗದದೊಳಕ್ಕೆ ಇನ್ನಷ್ಟು ಉಜ್ಜಿದಂತೆ. ಮೊದಲು ಒಣಗಬೇಕು. ಡಿಸೆಂಬರ್‌ನಿಂದ ಫೆಬ್ರವರಿ ತನಕ ಮಲೆನಾಡಿನ ಗಾಳಿ ಒಣಗಿರುತ್ತದೆ. ಮಂಜು ಹರಿದ ಮೇಲೆ, ಹತ್ತು ಗಂಟೆ ಕಳೆದು, ಜಗಲಿಯ ನೆರಳಿನಲ್ಲಿ ಪುಸ್ತಕಗಳನ್ನು ನಿಲ್ಲಿಸಿ, ಪುಟಗಳು ಸ್ವಲ್ಪ ಬಿಡಿಸಿಕೊಳ್ಳುವ ಹಾಗೆ ಇಟ್ಟು ದೂರದಿಂದ ಫ್ಯಾನ್ ಹಾಕಿ. ಸಂಜೆಗೆ ಮುಂಚೆ ಒಳಗೆ ತನ್ನಿ. ಎರಡು ಮೂರು ದಿನ ಹೀಗೆ ಮಾಡಿದರೆ ಅಂಟಂಟಾಗಿದ್ದ ಬೂಷ್ಟು ಪುಡಿಯಾಗುತ್ತದೆ. ಆಗ ಅಂಗಳಕ್ಕೆ ಹೋಗಿ, ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಅಗಲ ಬ್ರಷ್‌ನಿಂದ ನಿಮ್ಮಿಂದ ಆಚೆ ಕಡೆಗೆ ಝಾಡಿಸಿ. ಮಾಸ್ಕ್ ಬಿಡಬೇಡಿ, ಉಬ್ಬಸ ಇದ್ದವರು ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಮಗು ಹತ್ತಿರದಲ್ಲಿ ಇರಬಾರದು. ಕಲೆ ಪೂರ್ತಿ ಹೋಗುವುದಿಲ್ಲ, ಇರಲಿ. ಕಪಾಟನ್ನೂ ಒರೆಸಿ, ಪೂರ್ತಿ ಒಣಗಿಸದೆ ಪುಸ್ತಕ ವಾಪಸ್ ಇಡಬೇಡಿ.

ಬಿಸಿಲಿಗೇ ಹಾಕಿದರೆ ಬೇಗ ಆಗುತ್ತಲ್ಲ ಅಂತ ಕೇಳುತ್ತೀರಿ. ಹಪ್ಪಳ ಒಣಗಿಸಿದ ಹಾಗೆ ಪುಸ್ತಕ ಒಣಗಿಸಬಾರದು. ಐವತ್ತು, ಅರವತ್ತರ ದಶಕದ ಅಗ್ಗದ ಮುದ್ರಣಗಳಿಗೆ ಮರದ ತಿರುಳಿನ ಒರಟು ಕಾಗದವನ್ನೇ ಬಳಸುತ್ತಿದ್ದರು. ಅದರಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಉಳಿದಿರುತ್ತದೆ. ಬಿಸಿಲು ತಾಗಿದರೆ ಲಿಗ್ನಿನ್ ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ದಿನಪತ್ರಿಕೆಯನ್ನು ಅಂಗಳದಲ್ಲಿ ಒಂದು ದಿನ ಬಿಟ್ಟು ನೋಡಿ, ಗೊತ್ತಾಗುತ್ತದೆ. ಬಿಸಿಲಿಗೆ ರಟ್ಟು ಬಾಗುತ್ತದೆ, ಬೆನ್ನಿನ ಅಂಟು ಬಿರಿಯುತ್ತದೆ.

ಪ್ಲಾಸ್ಟಿಕ್ ಸುತ್ತಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಒಣಗದ ಪುಸ್ತಕಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ. ಆದರೆ ಚಳಿಗಾಲದಲ್ಲಿ ಪೂರ್ತಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಮಳೆಗಾಲ ದಾಟಿಸಬಹುದು. ಅಪರೂಪದ ಕೆಲವೇ ಪುಸ್ತಕಗಳಿಗೆ ಈ ಉಪಾಯ ಚೆನ್ನ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪೊಟ್ಟಣ ಸಾಲದು, ಡಬ್ಬಿಗೆ ಕಾಲು ಕಿಲೋ ಆದರೂ ಬೇಕು. ಬಣ್ಣ ಬದಲಾದ ಮೇಲೆ ಬಿಸಿ ಮಾಡಿ ತೇವ ಓಡಿಸಿದರೆ ಮತ್ತೆ ಬಳಸಬಹುದು. ನೀಲಿ ಹರಳಿನಲ್ಲಿ ಕೋಬಾಲ್ಟ್ ಅನ್ನುವ ವಿಷಕಾರಿ ಲೋಹದ ಅಂಶ ಇರುತ್ತದೆ, ಮಗು ಇರುವ ಮನೆಗೆ ಅದು ಬೇಡ, ಕಿತ್ತಳೆ ಬಣ್ಣದ್ದನ್ನೇ ತನ್ನಿ. ಅದೂ ಮಗುವಿನ ಕೈಗೆ ಸಿಗದಿರಲಿ. ತೆರೆದ ಕಪಾಟಿನಲ್ಲಿ ಇದನ್ನು ಇಡುವುದು ಸುಮ್ನೆ ದಂಡ.

ಬೇವಿನ ಸೊಪ್ಪಿನ ಹಿಂದೆ ನಿಜ ಇದೆ, ಸ್ವಲ್ಪ ಮಾತ್ರ. ಒಣಗಿದ ಬೇವು, ಬಜೆ ಬೇರಿನ ಪುಡಿ ಹುಳವನ್ನು ಸ್ವಲ್ಪ ದೂರ ಇಡುತ್ತವೆ, ಒಳಗಿರುವ ಹುಳವನ್ನು ಕೊಲ್ಲುವುದಿಲ್ಲ. ಹಸಿ ಸೊಪ್ಪು ಹಾಕಿದರೆ ಕಪಾಟಿಗೆ ನೀರನ್ನೇ ಹಾಕಿದಂತೆ. ಬಜೆಯನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡಿ, ತೊಂದರೆ ಇಲ್ಲ. ತಾಳೆಗರಿಗಳಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚುತ್ತಾರೆ ಅಂತ ಕೇಳಿ ಪುಸ್ತಕಕ್ಕೂ ಹಚ್ಚಬೇಡಿ. ಓಲೆಗರಿಗೆ ಎಣ್ಣೆ ಹಿಡಿಸುತ್ತದೆ, ಕಾಗದಕ್ಕೆ ಕಲೆಯಾಗುತ್ತದೆ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿ, ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ತಾಳೆಗರಿಗಳ ದೊಡ್ಡ ಸಂಗ್ರಹಕ್ಕೆ ಹೆಸರಾಗಿದೆ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿಗೆ ಬಂದ ತಾಳೆಗರಿ ಪ್ರತಿಯಿಂದಲೇ. ಓಲೆಕಟ್ಟುಗಳನ್ನು ಎರಡು ಹಲಗೆಯ ನಡುವೆ ಬಿಗಿದು, ಬಟ್ಟೆ ಸುತ್ತಿ, ಆಗಾಗ ಬಿಚ್ಚಿ ಝಾಡಿಸಿ ಕಟ್ಟುವುದು ಹಳೆಯ ಪದ್ಧತಿ. ಎಣ್ಣೆಯಷ್ಟೇ ಆ ಬಿಚ್ಚಿ ಕಟ್ಟುವ ಅಭ್ಯಾಸಕ್ಕೂ ಬೆಲೆ ಇದೆ.

ಕಪಾಟಿಗೆ ಇಷ್ಟು ಮಾಡಿ. ಹೊರಗೋಡೆಯಿಂದ ಒಳಗೋಡೆಗೆ ಸರಿಸಿ. ಗೋಡೆಗೂ ಅದಕ್ಕೂ ನಾಲ್ಕು ಬೆರಳಾದರೂ ಸಂದು ಬಿಡಿ. ಕೆಳಗಿನ ಸಾಲು ನೆಲದಿಂದ ಅರ್ಧ ಅಡಿ ಮೇಲಿರಲಿ. ಪುಸ್ತಕಗಳನ್ನು ಕೈ ಹೋಗದಷ್ಟು ಬಿಗಿಯಾಗಿ ತುಂಬಬೇಡಿ. ಹಿಂಬದಿ ಹಲಗೆಯಲ್ಲಿ ನಾಲ್ಕು ದೊಡ್ಡ ತೂತು ಕೊರೆಸಿ, ಜಾಲರಿ ಹೊಡೆಸಿ. ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಒಂದು ತಂದು ಒಳಗಿಡಿ. ಮಳೆ ಬಿಟ್ಟು ಬಿಸಿಲು ಬಂದ ಮಧ್ಯಾಹ್ನ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿದ್ದರೆ ಬಾಗಿಲು ತೆರೆಯಿರಿ, ಇಲ್ಲದಿದ್ದರೆ ಮುಚ್ಚಿ. ಕೆಲವರು ಮಳೆಗಾಲದಲ್ಲಿ ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸುತ್ತಾರೆ. ಅದು ಕೆಲಸ ಮಾಡುತ್ತದೆ, ಬಿಸಿ ಏರಿದರೆ ತೇವಾಂಶ ಇಳಿಯುತ್ತದೆ. ಆದರೆ ಕಾಗದದ ಪಕ್ಕ ಬಲ್ಬ್, ಹಳೆಯ ವೈರಿಂಗ್, ರಾತ್ರಿಯೆಲ್ಲ ಯಾರೂ ನೋಡುವವರಿಲ್ಲ. ನಾನು ಅದನ್ನು ಮಾಡಿ ಅಂತ ಹೇಳುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಪುಸ್ತಕದ ಕೋಣೆಗೆ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ ತನ್ನಿ, ಮಳೆಗಾಲದ ನಾಲ್ಕು ತಿಂಗಳು ಓಡಿಸಿ. ಮಲೆನಾಡಿನಲ್ಲಿ ಅದಕ್ಕಿಂತ ಖಚಿತವಾದ ಉಪಾಯ ನನಗೆ ಗೊತ್ತಿಲ್ಲ. ಕರೆಂಟಿನ ಬಿಲ್ಲು ಏರುತ್ತದೆ, ಕರೆಂಟು ಹೋದಾಗ ಅದೂ ನಿಲ್ಲುತ್ತದೆ.

ನಿಮ್ಮ ಪ್ರೀತಿಯ ಏಳೆಂಟು ಪುಸ್ತಕಗಳಿಗೆ ಬರೋಣ. ಟೇಪನ್ನು ಈಗ ಕೀಳಬೇಡಿ, ಅಕ್ಷರವೂ ಜೊತೆಗೆ ಎದ್ದು ಬರುತ್ತದೆ. ಇನ್ನು ಮುಂದೆ ಹಾಕಬೇಡಿ. ಕೆಲವು ವರ್ಷಗಳಲ್ಲಿ ಟೇಪ್ ಉದುರಿ, ಅಂಟು ಮಾತ್ರ ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಹರಿದ ಕಡೆ ತೆಳ್ಳನೆಯ ಟಿಶ್ಯೂ ಕಾಗದವನ್ನು ಸಿಎಂಸಿ ಅನ್ನುವ ಪುಡಿಯ ಅಂಟಿನಿಂದ ಅಂಟಿಸುವುದು ಒಳ್ಳೆಯದು. ನೀರಿನಲ್ಲಿ ಕಲಸಿದರೆ ಆಯಿತು, ಹುಳ ತಿನ್ನುವುದಿಲ್ಲ, ಬೇಕೆಂದಾಗ ನೀರು ತಾಗಿಸಿ ಬಿಡಿಸಲೂಬಹುದು. ಲ್ಯಾಮಿನೇಷನ್ ಮಾಡಿಸಿದರೆ ಆಮೇಲೆ ಬಿಡಿಸಲು ಆಗುವುದೇ ಇಲ್ಲ.

ಬೈಂಡಿಂಗ್‌ಗೆ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಳಗಿನ ಯಾವುದಾದರೂ ಪುಟದ ತುದಿಯ ಮೂಲೆಯನ್ನು ಸ್ವಲ್ಪವೇ ಹಿಡಿದು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಪೂರ್ತಿ ಮಡಿಸಿ. ಎರಡು ಮೂರು ಸಲಕ್ಕೇ ಮೂಲೆ ಮುರಿದು ಕೈಗೆ ಬಂದರೆ ಆ ಕಾಗದದ ಶಕ್ತಿ ಮುಗಿದಿದೆ. ಶಾಯಿ ಹರಡದಿರಲಿ ಅಂತ ಆಗಿನ ಕಾಗದಕ್ಕೆ ರಾಳ ಮತ್ತು ಆಲಂ ಅನ್ನುವ ಲವಣ ಸೇರಿಸುತ್ತಿದ್ದರು. ಆಲಂ ತೇವದ ಜೊತೆ ಸೇರಿ ನಿಧಾನವಾಗಿ ಆಮ್ಲವಾಗುತ್ತದೆ, ಆಮ್ಲ ಕಾಗದದ ನಾರನ್ನು ತುಂಡು ಮಾಡುತ್ತದೆ. ಅಂಥ ಪುಸ್ತಕಕ್ಕೆ ಹೊಲಿಗೆ ಹಾಕಿದರೆ ಹೊಲಿಗೆಯ ಗೆರೆಯಲ್ಲೇ ಪುಟಗಳು ಮುರಿಯುತ್ತವೆ. ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡುವುದೇ ಸರಿ. ಕಾಗದ ಗಟ್ಟಿ ಇದ್ದರೆ ಬೈಂಡ್ ಮಾಡಿಸಿ. ಆದರೆ ಬೈಂಡರಿಗೆ ಎರಡು ಮಾತು ಹೇಳಿ: ಅಂಚು ಕತ್ತರಿಸಬಾರದು, ಪಕ್ಕದಿಂದ ತೂತು ಹೊಡೆದು ಹೊಲಿಯಬಾರದು. ಇಲ್ಲದಿದ್ದರೆ ಒಳ ಅಂಚು ಹೊಲಿಗೆಯೊಳಗೆ ಹೋಗಿ, ಸಾಲಿನ ಕೊನೆಯ ಅಕ್ಷರ ಓದಲು ನೀವು ಪುಸ್ತಕವನ್ನು ಒತ್ತಿ ಬಿಡಿಸುತ್ತೀರಿ. ಬೆನ್ನು ಮತ್ತೆ ಮುರಿಯುವುದು ಹಾಗೆಯೇ.

ಪುಸ್ತಕಕ್ಕೆ ದಿನಪತ್ರಿಕೆಯ ಹೊದಿಕೆ ಹಾಕಿದ್ದರೆ ತೆಗೆಯಿರಿ, ಅದರ ಆಮ್ಲ ಪುಸ್ತಕಕ್ಕೆ ಇಳಿಯುತ್ತದೆ. ಕಪಾಟಿನಿಂದ ತೆಗೆಯುವಾಗ ಬೆನ್ನಿನ ತುದಿಗೆ ಬೆರಳು ಹಾಕಿ ಎಳೆಯದೆ, ಅಕ್ಕಪಕ್ಕದ ಪುಸ್ತಕ ಸ್ವಲ್ಪ ಹಿಂದಕ್ಕೆ ತಳ್ಳಿ ನಡು ಹಿಡಿದು ತೆಗೆಯಿರಿ. ಎಂಜಲು ಹಚ್ಚಿ ಪುಟ ತಿರುಗಿಸಬೇಡಿ. ಗುರುತಿಗೆ ಅರಳಿ ಎಲೆ, ಹೂವು ಬೇಡ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕಗಳ ಮೇಲೆ ಕುಂಕುಮ, ಹೂವು ನೇರವಾಗಿ ಬೀಳದ ಹಾಗೆ ಒಂದು ಬಟ್ಟೆ ಹಾಸಿ. ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ: ಪ್ರತಿ ಮಳೆಗಾಲ ಓದುವ ಆ ಪುಸ್ತಕಗಳ ಹೊಸ ಮುದ್ರಣ ಸಿಕ್ಕರೆ ಒಂದೊಂದು ಪ್ರತಿ ಕೊಳ್ಳಿ. ಅದನ್ನು ಮನಸ್ಸಿಗೆ ಬಂದ ಹಾಗೆ ಓದಿ, ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಅಪ್ಪನ ಕೈಬರಹ ಇರುವ ಹಳೆಯ ಪ್ರತಿಗೆ ವಿಶ್ರಾಂತಿ ಕೊಡಿ.

ಕೊನೆಗೆ ಮಗನ ಸಲಹೆ. ಸ್ಕ್ಯಾನ್ ಮಾಡುವುದು ಒಳ್ಳೆಯದೇ, ರದ್ದಿಗೆ ಹಾಕುವುದು ಬೇಡ. ಹೆಸರಾದ ಕಾದಂಬರಿಗಳನ್ನು ಸ್ಕ್ಯಾನ್ ಮಾಡಿಸಿ ಸಮಯ ಕಳೆಯಬೇಡಿ. ಅವು ಮರುಮುದ್ರಣ ಆಗುತ್ತಿರುತ್ತವೆ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ತಮ್ಮ ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಕಳಿಸಬೇಕು. ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ಆಗಲೇ ಇವೆ, ಮೊದಲು ಅಲ್ಲಿ ಹುಡುಕಿ. ನಿಮ್ಮ ಕಪಾಟಿನಲ್ಲಿ ನಿಜವಾಗಿ ಅಪರೂಪದ್ದು ಬೇರೆ ಇದೆ. ಅಪ್ಪನ ಕಾಲದ ಯಕ್ಷಗಾನ ಪ್ರಸಂಗದ ತೆಳ್ಳನೆಯ ಪುಸ್ತಕ, ಊರಿನ ಶಾಲೆಯ ಸ್ಮರಣ ಸಂಚಿಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅಚ್ಚು ಹಾಕಿಸಿದ ಹಾಡಿನ ಪುಸ್ತಕ, ನಿಂತು ಹೋದ ಪತ್ರಿಕೆಗಳ ದೀಪಾವಳಿ ಸಂಚಿಕೆ. ಇವನ್ನು ಯಾರೂ ಮತ್ತೆ ಅಚ್ಚು ಹಾಕುವುದಿಲ್ಲ, ಎಷ್ಟೋ ಗ್ರಂಥಾಲಯಗಳಲ್ಲೂ ಸಿಗುವುದಿಲ್ಲ. ಕಾಗದವೂ ಎಲ್ಲಕ್ಕಿಂತ ಕಳಪೆ. ಮಗ ಬಿಡುವಾಗಿದ್ದಾಗ ಇವುಗಳಿಂದಲೇ ಶುರು ಮಾಡಲಿ. ಮೊಬೈಲ್ ಸ್ಟ್ಯಾಂಡ್‌ಗೆ ಹಾಕಿ, ಕಿಟಕಿಯ ಬೆಳಕಿನಲ್ಲಿ, ಪುಸ್ತಕವನ್ನು ಪೂರ್ತಿ ಅಗಲಿಸದೆ ಒಂದೊಂದೇ ಪುಟ ತೆಗೆದರೆ ಸಾಕು.

ನಿಮ್ಮ ಓದಿಗಾಗಿ ಸ್ಕ್ಯಾನ್ ಮಾಡಿಟ್ಟುಕೊಳ್ಳುವುದು ಬೇರೆ, ಎಲ್ಲರಿಗೂ ಹಂಚುವುದು ಬೇರೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯದ ಹಕ್ಕು ಉಳಿಯುತ್ತದೆ. 1960ರಲ್ಲಿ ತೀರಿಕೊಂಡವರ ಬರಹ 2021ರ ಜನವರಿ 1ರಿಂದ ಎಲ್ಲರದ್ದೂ ಆಯಿತು. ಅಂಥವನ್ನು ಕನ್ನಡ ವಿಕಿಸೋರ್ಸ್ ಅನ್ನುವ ಆನ್‌ಲೈನ್ ಗ್ರಂಥಾಲಯಕ್ಕೆ ಏರಿಸಬಹುದು. ಹಕ್ಕು ಇನ್ನೂ ಇರುವುದಾದರೆ ಲೇಖಕರ ಮನೆಯವರನ್ನು ಒಂದು ಮಾತು ಕೇಳಿ, ಊರಿನ ಸಣ್ಣ ಪುಸ್ತಕಗಳ ವಿಷಯದಲ್ಲಿ ಬಹಳಷ್ಟು ಜನ ಸಂತೋಷದಿಂದಲೇ ಒಪ್ಪುತ್ತಾರೆ. ಮೂಲ ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡುವ ಮನಸ್ಸಿದ್ದರೆ ಬೂಷ್ಟು ಬಿಡಿಸಿ, ಹುಳ ಇಲ್ಲ ಅಂತ ಖಚಿತ ಮಾಡಿಕೊಂಡು, ಪಟ್ಟಿ ಬರೆದು ಮೊದಲು ಪಟ್ಟಿ ಕಳಿಸಿ. ಹುಳ ಇರುವ ಒಂದು ಪುಸ್ತಕ ಹೋದರೆ ಅಲ್ಲಿರುವ ಎಲ್ಲಕ್ಕೂ ಹರಡಬಹುದು. ಹಾಗಾಗಿ ಕೇಳದೆ ತಂದ ಮೂಟೆಯನ್ನು ಅವರು ತೆಗೆದುಕೊಳ್ಳದಿದ್ದರೆ ಬೇಸರ ಮಾಡಿಕೊಳ್ಳಬೇಡಿ.